ಇಟಲಿ ಮುದುಕಿಯ ಸಾರು

ಹುಬ್ಬಳ್ಳಿ ಠೇಸನ್ನಿನಲ್ಲಿ ಪೇರಲಹಣ್ಣು ಮಾರುವ ಬಿಬಿಜಾನಳ ಬಾಯಿಗೆ ಹೆದರದ ಹಮಾಲನಿರಲಿಲ್ಲ. ಬಾಯಿ ಜೋರಿಲ್ಲದಿದ್ದರೆ ವಿಧವೆಯ ಬುಟ್ಟಿ ಪ್ಲಾಟ್‌ಫಾರ್ಮಿನ ಮೇಲೆ ಎಷ್ಟು ಹೊತ್ತು ಉಳಿದೀತು, ಹೇಳಿ! ಒಬ್ಬನೇ ಮಗ ಅಲ್ಲಾವುದ್ದೀನ, ಮೋಟಾರು ರಿಪೇರಿ ಕಲಿತವನು, ಅವಳು ಬೇಡವೆಂದು ಬಡಕೊಂಡರೂ ಇಂಗ್ಲಿಷರ ದಂಡಿನ ಲಾರಿ ಹೊಡೆಯಲು ಹಡಗು ಹತ್ತಿದ. ಮುಂದೆ ಸುದ್ದಿ ಬಂತು: ಮರಳುಗಾಡಿನ ಲಡಾಯಿಯಲ್ಲಿ ಇಟಲಿಯವರ ಕೈಗೆ ಸೆರೆ ಸಿಕ್ಕಿದ್ದಾನೆ.

ಆ ವರ್ಷದ ಬೇಸಿಗೆಯಲ್ಲೇ, ಇಂಗ್ಲಿಷರು ಹಿಡಿದ ಇಟಲಿಯ ಸೆರೆಯಾಳುಗಳನ್ನು ತುಂಬಿಕೊಂಡ ರೈಲೊಂದು ಹುಬ್ಬಳ್ಳಿಯಲ್ಲಿ ನಿಂತಿತು. ಮೀಸೆ ಮೂಡದ ಹುಡುಗನೊಬ್ಬ ಕಿಟಕಿಯಿಂದ ಕೈ ಚಾಚಿ, ಅವಳ ತಂಬಿಗೆಯ ಕಡೆ ತೋರಿಸಿ, ಒಣಗಿದ ತುಟಿ ಮುಟ್ಟಿಕೊಂಡ. ಬಿಬಿಜಾನ ತಂಬಿಗೆ ಎತ್ತಿದಳು. ಅವನ ಕಣ್ಣೆದುರೇ ನೀರನ್ನೆಲ್ಲ ನೆಲಕ್ಕೆ ಸುರಿದಳು. “ನನ್ನ ಮಗನ್ನ ಹಿಡದೀರಿ, ನಿಮಗ ನೀರು ಬೇಕಾ?” ಅಂದಳು. ರೈಲು ಹೊರಟಿತು. ಅವತ್ತು ಅವಳಿಗೆ ಕಣ್ತುಂಬ ನಿದ್ದೆ ಬಂತು, ಅದೂ ಖರೆಯೇ.

ಲಡಾಯಿ ಮುಗಿದ ಮೇಲೆ ಮಗ ಬಂದ. ಬಂದದ್ದು ಎಲುಬಿನ ಹಂದರ. ರೊಟ್ಟಿ ಬಡಿದಿಟ್ಟರೆ ಎರಡು ತುತ್ತು ಮುರಿದು ಏಳುತ್ತಿದ್ದ. ದಿನವಿಡೀ ನಿಂತು ಕಾಲು ಬಾತು ಬಂದವಳು ಮತ್ತೆ ಒಲೆ ಊದಿ, ಪುಂಡಿಪಲ್ಯ ಮಾಡಿ, ಮೊಟ್ಟೆ ಹುರಿದು ಸಾಕಾಗಿ ಹೋದಳು. ಅವನು ತನ್ನ ಕೈಯ ಅಡುಗೆಯನ್ನು ಹೊಟ್ಟೆತುಂಬ ಉಂಡರೆ ಸಾಕು, ಬೇರೇನೂ ಬೇಡವಾಗಿತ್ತು ಅವಳಿಗೆ.

ಒಂದು ಸಂಜೆ ಅವಳು ಮನೆಗೆ ಬಂದು ನೋಡಿದರೆ ಮಗನೇ ಒಲೆಯ ಮುಂದೆ ಕೂತಿದ್ದಾನೆ. ಉಳ್ಳಾಗಡ್ಡಿ, ಗಜ್ಜರಿ, ಬಟಾಟೆ ಹೆಚ್ಚಿಟ್ಟಿದ್ದಾನೆ. ನೆನೆಸಿದ ಅಲಸಂದಿ ಕಾಳು ಕುದಿಯುತ್ತಿದೆ.

“ಏನೋ ಇದು? ಗಂಡಸು ಒಲಿ ಮುಂದ ಕುಂತರ ಓಣಿ ಮಂದಿ ನಗತಾರ!”

“ನಗಲಿ ಬಿಡಮ್ಮ. ಇವತ್ತರ ನೀ ಕೂಡು.”

ಕೂತಳು. ಬೇಡವೆನ್ನಲೂ ತ್ರಾಣವಿರಲಿಲ್ಲ. ಅವನು ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಾಡಿಸಿದ. ಗಜ್ಜರಿ, ಬಟಾಟೆ, ಟೊಮ್ಯಾಟೊ ಹಾಕಿದ. ಬೆಂದ ಕಾಳನ್ನು ನೀರಿನ ಸಮೇತ ಸುರಿದ. ಕಡೆಗೆ ಕೋಬಿಯ ಎಲೆ ಹರಿದು ಹಾಕಿದ.

“ಮಸಾಲಿ?”

“ಇಲ್ಲ.”

“ಖಾರಾ?”

“ಅದೂ ಇಲ್ಲ.”

“ಅಯ್ಯ ಖುದಾ, ಜ್ವರಾ ಬಂದವರ ಅಡಗಿ ಇದು!” ಅಂದಳು. ಮಗ ನಕ್ಕ. ಊರಿಗೆ ಬಂದ ಮೇಲೆ ಅವನು ನಕ್ಕದ್ದು ಅದೇ ಮೊದಲು.

ತಾಟಿನಲ್ಲಿ ಒಣಗಿದ ಕಟಕ ರೊಟ್ಟಿ ಮುರಿದು ಹಾಕಿ, ಮೇಲೆ ಸಾರು ಸುರಿದು ಅವಳ ಮುಂದಿಟ್ಟ. ಇಟಲಿಯಲ್ಲಿ ಹಳೆಯ ಬ್ರೆಡ್ಡು ಹಾಕುತ್ತಾರಂತೆ. ತಾನೂ ತಾಟು ಹಿಡಿದು ಗಬಗಬ ಉಣ್ಣತೊಡಗಿದ. ಮಗ ಉಣ್ಣುವುದನ್ನು ನೋಡಿ ಅವಳ ಕರುಳು ತಣ್ಣಗಾಯಿತು. ತನ್ನ ಕೈಯದಲ್ಲವಲ್ಲ ಎಂದು ಹೊಟ್ಟೆಯೂ ಉರಿಯಿತು.

“ಯಾರು ಕಲಿಸಿದ್ರೋ?”

ಅಲ್ಲಾವುದ್ದೀನ ಹೇಳಿದ. ಇಟಲಿ ಸೋತು ಕಾವಲಿನವರು ಓಡಿಹೋದಾಗ ಅಲ್ಲಿಯ ಸೆರೆಯಿಂದ ತಪ್ಪಿಸಿಕೊಂಡು ಗುಡ್ಡ ಹತ್ತಿದ್ದ. ಮುದುಕಿಯೊಬ್ಬಳು ಚಳಿಗಾಲವೆಲ್ಲ ದನದ ಕೊಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡು ಈ ಸಾರು ಉಣ್ಣಿಸಿದಳು. ಅವಳ ಮಗನೂ ಸೆರೆಯಾಳು, ಹಿಂದೂಸ್ತಾನದಲ್ಲೇ.

“ಆ ಸಾರಿನ್ಯಾಗ ಹಂದಿ ಗಿಂದಿ...” ಬಿಬಿಜಾನಳ ಕೈ ತಡೆಯಿತು.

“ಹಂದಿ ಕೊಬ್ಬು ಹಾಕತಿದ್ಲಮ್ಮ. ನಾ ಒಲ್ಲೆ ಅಂದ್ನಿ, ಸಿಟ್ಟಿಗೆದ್ಲು. ಆಮ್ಯಾಲೆ ನಾ ಹೇಳಿದ್ನಿ, ನಮ್ಮಮ್ಮ ಠೇಸನ್‌ದಾಗ ಹಣ್ಣು ಮಾರತಾಳ, ನಿನ್ನ ಮಗಾ ಆ ದಾರಿಲೇ ಹೋಗಿದ್ರ ಖಾಲಿ ಹೊಟ್ಟಿಲೆ ಕಳಸಿರೂದಿಲ್ಲ ಅಂತ. ನನ್ನ ಕೈ ಹಿಡಕೊಂಡು ಅತ್ಲು. ಅವತ್ತಿನಿಂದ ನನಗಂತ ಬ್ಯಾರೆ ಗಡಗಿ ಇಟ್ಲು.” ತಲೆಯೆತ್ತಿ ಕೇಳಿದ, “ಅವರ ಗಾಡಿ ಇಲ್ಲಿಂದ ಹೋಗಿದ್ವಂತಲ್ಲ? ಏನರ ಕೊಟ್ಟಿದ್ದಿ, ಹೌದಿಲ್ಲೋ?”

ಹೌದೆಂದು ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಇಲ್ಲವೆಂದರೆ ಈ ಮಗ ಮತ್ತೆ ಅವಳ ಒಲೆಯದನ್ನು ಉಣ್ಣುತ್ತಾನೋ ಇಲ್ಲವೋ. ಆದರೆ ಅವಳು ತಾಟನ್ನು ದೂರ ಸರಿಸಿದಳು. ಅವಳಿಗೆ ಬಹಳ ದಣಿವಾಗಿತ್ತು. ಸುಳ್ಳು ಹೊರುವ ಶಕ್ತಿ ಉಳಿದಿರಲಿಲ್ಲ.

“ಇಲ್ಲೋ. ಒಬ್ಬ ಹುಡುಗ ನೀರು ಕೇಳಿದ. ಅವನ ಮುಂದನ ನೆಲಕ್ಕ ಚೆಲ್ಲಿದ್ನಿ.”

ಅಲ್ಲಾವುದ್ದೀನ ಉಣ್ಣುವುದನ್ನು ನಿಲ್ಲಿಸಿದ. ಕಡೆಗೆ ಅವಳು ದೂರ ಸರಿಸಿದ್ದ ತಾಟನ್ನು ಅವನೇ ಮುಂದಕ್ಕೆ ಎಳೆದಿಟ್ಟ.

“ಉಣ್ಣಮ್ಮ. ಆ ಮುದುಕಿನೂ ಮೊದಲನೇ ದಿನಾ ನನ್ನ ಮುಖದ ಮ್ಯಾಲೆ ಬಾಗಲಾ ಹಾಕಿದ್ಲು. ಮರುದಿನಾ ತಗದ್ಲು.”

ಬಿಬಿಜಾನ ತಾಟು ಮುಟ್ಟಲಿಲ್ಲ.

“ಮರುದಿನಾ ನೀ ಅಲ್ಲೇ ಇದ್ದೆಪ್ಪಾ. ಆ ಹುಡುಗನ ಗಾಡಿ ಹೋಗೇ ಬಿಡ್ತು.”