ಕಮಲಕ್ಕನ ಅಂಗಳ ರಸ್ತೆಯಾದದ್ದು

ಎಡಗೈ ಹೆಬ್ಬೆರಳ ಉಗುರಿನ ಮೇಲೆ ಯಾವಾಗಲೂ ಒಂದು ಹಳದಿ ಗೀಟು. ನಕ್ಷೆಯ ರಸ್ತೆಗಳಿಗೆ ಬಣ್ಣ ತುಂಬುವ ಮೊದಲು ವಾಮನಣ್ಣ ಕುಂಚವನ್ನು ಅಲ್ಲಿ ಎಳೆದು ನೋಡುತ್ತಿದ್ದರು. ಬಂದರಿನ ಗೋದಾಮೊಂದರ ಮಾಳಿಗೆಯಲ್ಲಿ ಅವರು ಮಂಗಳೂರಿನ ಗೋಡೆ ನಕ್ಷೆ ಪ್ರಕಟಿಸುತ್ತಿದ್ದರು: ಬಟ್ಟೆಗೆ ಅಂಟಿಸಿ, ಮೇಲೆ ಕೆಳಗೆ ಮರದ ಕೋಲು ಹಾಕಿದ್ದು. ಹೋಟೆಲು, ಕ್ಲಿನಿಕ್ಕುಗಳಲ್ಲಿ ಅದು ತೂಗುತ್ತಿತ್ತು.

ಭೂಗೋಳದಲ್ಲಿ ಎಂ.ಎ. ಮುಗಿಸಿ ಅಲ್ಲಿ ಸೇರಿದ ನನ್ನನ್ನು ಅವರು ಮೊದಲು ನಿಲ್ದಾಣಗಳ ಹೆಸರು ಬರೆದುಕೊಳ್ಳಲು ಸಿಟಿ ಬಸ್ಸು ಹತ್ತಿಸಿದರು. "ಬೋರ್ಡಿನಲ್ಲಿ ಎಂತ ಉಂಟೂಂತ ನೋಡ್ಬೇಡ ಮಗಾ. ಕಂಡಕ್ಟರ್ ಎಂತ ಕೂಗ್ತಾನೆ, ಅದನ್ನು ಬರಿ." ನನಗೆ ಮಾತು ಕಡಿಮೆ. ಅವರು ಗದರಿದ್ದಿಲ್ಲ, ದಾರಿಯಲ್ಲಿ ಜನರನ್ನು ನನ್ನ ಬದಲು ತಾವು ಕೇಳಿದ್ದೂ ಇಲ್ಲ. ನಾನು ಬಾಯಿ ಬಿಡುವವರೆಗೆ ಕಾಯುತ್ತಿದ್ದರು. ಅದಕ್ಕೆ ನಾನು ಋಣಿ.

ಒಂದು ಮಧ್ಯಾಹ್ನ ಶಕ್ತಿನಗರದ ಕಮಲಕ್ಕ ಎಂಬ ವೃದ್ಧೆ ಮಾಳಿಗೆ ಹತ್ತಿ ಬಂದರು. "ನನ್ನ ಅಂಗಳಕ್ಕೆ ಡಾಮರು ಹಾಕ್ಲಿಕ್ಕೆ ಹೊರಟದ್ದು ನೀವಾ?" ಬಸ್ಸಿಗೆ ಹೋಗುವವರು ಅವರ ಅಂಗಳ ದಾಟಿ ಹೋಗುವುದನ್ನು ಅವರು ಎಂದೂ ತಡೆದವರಲ್ಲ. ಜನ ನಡೆಯುವುದನ್ನು ಕಂಡು ವಾಮನಣ್ಣ ನಕ್ಷೆಯಲ್ಲಿ ಅಲ್ಲಿ ರಸ್ತೆಯ ಹಳದಿ ಎಳೆದುಬಿಟ್ಟಿದ್ದರು. ಈಗ ಅವರ ಮನೆಯ ಹಿಂಬದಿಯ ಜಾಗದಲ್ಲಿ ಮನೆ ಕಟ್ಟುವವರು ಅದೇ ನಕ್ಷೆ ಹಿಡಿದು, ಇದು ಎಲ್ಲರ ರಸ್ತೆ, ಲಾರಿ ಬಿಡಿ ಎನ್ನುತ್ತಿದ್ದರಂತೆ. ಬಿಟ್ಟರೆ ತುಳಸಿಕಟ್ಟೆಯೇ ಹೋಗುತ್ತದೆ.

ವಾಮನಣ್ಣ ವಾದಿಸಲಿಲ್ಲ. ಅಂದೇ ನನ್ನೊಂದಿಗೆ ಅಲ್ಲಿಗೆ ಹೋಗಿ, ಕೇಳದೆ ಬರೆದದ್ದು ತನ್ನ ತಪ್ಪೆಂದು ಮನೆ ಕಟ್ಟುವವರ, ನೆರೆಯವರ ಎದುರು ಹೇಳಿದರು. ಬಂದು ನಿಂತಿದ್ದ ಲಾರಿ ಮರಳಿ ಹೋಯಿತು. ಆದರೆ ಗೋಡೆಗಳ ಮೇಲಿನ ನಕ್ಷೆಗಳು ಇನ್ನೂ ರಸ್ತೆಯೆಂದೇ ಹೇಳುತ್ತಿದ್ದವು. ನಾಳೆ ಬೇರೆಯವರು ತೋರಿಸಬಹುದು. ಎಲ್ಲವನ್ನೂ ತಿದ್ದುತ್ತೇನೆಂದು ಅವರು ಮಾತು ಕೊಟ್ಟರು.

ಹೊರಡುವಾಗ ಕಮಲಕ್ಕ ಹೇಳಿದರು: "ದಾರಿ ಅಲ್ಲಾಂತ ಬರೆಯಿರಿ ಮಾರಾಯ್ರೆ. ಬರಬಾರದೂಂತ ಬರೀಬೇಡಿ."

ವಾಮನಣ್ಣ ತೂಗಿದ್ದ ನಕ್ಷೆಯಲ್ಲೇ ಹಳದಿಯ ಮೇಲೆ ಮನೆಜಾಗದ ಹಸಿರು ಬಳಿದು, ಸಣ್ಣಕ್ಷರದಲ್ಲಿ 'ಕಮಲಕ್ಕನ ಅಂಗಳ' ಎಂದು ಬರೆದರು. ಹಾಗೆಯೇ ಅಂಗಡಿಯಿಂದ ಅಂಗಡಿಗೆ, ಸ್ಟೂಲು ಹತ್ತಿ ಇಳಿದು. ಇದನ್ನು ಯಾರು ನೋಡ್ತಾರೆ ಎಂದು ಜನ ನಕ್ಕರೆ, "ಒಬ್ಬ ನೋಡಿದ್ದಕ್ಕೇ ಲಾರಿ ಬಂತಲ್ಲ" ಎನ್ನುತ್ತಿದ್ದರು.

ಕೆಲಸ ಮುಗಿಯುವ ಮೊದಲೇ ಅವರು ಆಸ್ಪತ್ರೆ ಸೇರಿದರು. ನಾನು ಕೊನೆಯ ಸಲ ನೋಡಲು ಹೋದಾಗ ಅವರ ಮಾತು ಕ್ಷೀಣವಾಗಿತ್ತು. "ಕೊಟ್ಟಾರದ ಹೋಟೆಲಿನದ್ದು ಬಾಕಿ ಉಂಟಲ್ಲ?" ಉಂಟು ಎಂದೆ. ತಲೆಯಾಡಿಸಿ ಕಣ್ಣು ಮುಚ್ಚಿದರು. ಆ ರಾತ್ರಿಯೇ ಹೋದರು.

ಅಂತ್ಯಕ್ರಿಯೆಯ ಮರುದಿನ ಬೆಳಿಗ್ಗೆ ನಾನು ಕೊಟ್ಟಾರಕ್ಕೆ ಹೋದೆ. ತಿಂಡಿಯ ಹೊತ್ತು, ಮೇಜುಗಳೆಲ್ಲ ತುಂಬಿದ್ದವು. ಹೋಟೆಲಿನವರಿಗೆ ವಿಷಯ ಹೇಳಿ, ಕುರ್ಚಿ ಹತ್ತಿ ಹಸಿರು ಬಳಿದೆ. ಅದು ಒಣಗುವವರೆಗೆ ನಿಂತಿದ್ದು, ಕಮಲಕ್ಕನ ಹೆಸರು ಬರೆದು ಇಳಿದೆ.