ಎದುರಂಗಡಿಯ ಮರ

ನಮ್ಮ ಬೀದಿಯ ಗುಂಡಿ-ದಾರದ ಅಂಗಡಿಯವಳು ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ನಯವಾಗಿ ಹೇಳುವ ದಾರಿ ನನಗೆ ತಿಳಿದಿಲ್ಲ, ಹುಡುಕಿಯೂ ಇಲ್ಲ. ಬೇರೆಯವರಿಗೆ ಹಸಿವಾಗುವ ಹಾಗೆ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು, ಹೊತ್ತು ಹೊತ್ತಿಗೆ.

ಕಾರಣ ಎದುರಿಗೇ ಕೂತಿತ್ತು. ಬೀದಿಯ ಆಚೆ ಬದಿಯಲ್ಲಿ ಇಷ್ಟೇ ಅಗಲದ, ಇದೇ ಸರಕಿನ ಇನ್ನೊಂದು ಅಂಗಡಿ. ಅದರಲ್ಲಿ ಅವಳ ಓರಗಿತ್ತಿ. ಮಾವನಿಗೆ ಎದುರುಬದುರು ಎರಡು ಮಳಿಗೆಗಳಿದ್ದವು, ಒಂದರಲ್ಲಿ ವ್ಯಾಪಾರ, ಇನ್ನೊಂದರಲ್ಲಿ ದಾಸ್ತಾನು. ಭಾಗವಾದಾಗ ಹಿರಿಸೊಸೆಯಾದ ಇವಳು ಹಟ ಹಿಡಿದು ಬಿಸಿಲು ಬೀಳುವ ಮಳಿಗೆಯನ್ನು ತನ್ನದು ಮಾಡಿಕೊಂಡಳು. ಕಿರಿಯವಳಿಗೆ ಉಳಿದದ್ದು ದಾಸ್ತಾನಿನ ಕೋಣೆ. ಅದರ ಬಾಗಿಲಿಗೆ ಮೈಯೊಡ್ಡಿಕೊಂಡು ಒಂದು ಹಳೆಯ ಮರ. ಬೀದಿಯವರು ದೊಡ್ಡಂಗಡಿ, ಚಿಕ್ಕಂಗಡಿ ಎನ್ನುತ್ತಿದ್ದರು. ಬರಬರುತ್ತಾ ಆ ಹೆಂಗಸರಿಗೂ ಅದೇ ಹೆಸರಾಯಿತು: ದೊಡ್ಡವಳು, ಚಿಕ್ಕವಳು.

ದಾರದ ವ್ಯಾಪಾರದಲ್ಲಿ ಬಿಸಿಲಿಗೆ ಬೆಲೆಯಿದೆ. ಟ್ಯೂಬ್‌ಲೈಟಿನ ಕೆಳಗೆ ಕಡುಗೆಂಪು ಕಂದಾಗಿ ಕಾಣುತ್ತದೆ, ಕಡುನೀಲಿ ಕಪ್ಪಾಗುತ್ತದೆ. ಬಟ್ಟೆಯ ಚೂರನ್ನೂ ದಾರದ ರೀಲನ್ನೂ ಹಗಲು ಬೆಳಕಿಗೆ ತಂದು ಪಕ್ಕಪಕ್ಕ ಹಿಡಿದರೆ ಮಾತ್ರ ನಿಜ ತಿಳಿಯುತ್ತದೆ. ಹೀಗಾಗಿ ದೊಡ್ಡವಳ ಲೆಕ್ಕಾಚಾರ ಸರಿಯಾಗಿಯೇ ಇತ್ತು. ತಪ್ಪಿದ್ದು ಜನರ ವಿಷಯದಲ್ಲಿ. ಅವರು ಚಿಕ್ಕವಳಲ್ಲಿ ದಾರ ಆರಿಸಿ, ಬೀದಿ ದಾಟಿ ಬಂದು, ದೊಡ್ಡವಳ ಮೆಟ್ಟಿಲ ಮೇಲೆ ನಿಂತು ಬಣ್ಣ ನೋಡಿ, ಹೊಂದಿದರೆ ಹಿಂದಿರುಗಿ ಹೋಗಿ ಚಿಕ್ಕವಳಿಗೇ ದುಡ್ಡು ಕೊಡುತ್ತಿದ್ದರು.

ಚಿಕ್ಕವಳ ಗಂಡ ತೀರಿಕೊಂಡಿದ್ದ. ಜನ ಕನಿಕರದಿಂದ ಅಲ್ಲಿಗೆ ಹೋಗುತ್ತಾರೆ ಎಂದು ದೊಡ್ಡವಳು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅವನು ಬದುಕಿದ್ದಾಗಲೂ ಅಲ್ಲಿಗೇ ಹೋಗುತ್ತಿದ್ದರು. ಚಿಕ್ಕವಳಲ್ಲಿ ಒಂದು ಸ್ಟೂಲಿತ್ತು, ಕೂತವರ ಸಂಸಾರದ ಸುದ್ದಿ ಕೇಳುವ ವ್ಯವಧಾನವಿತ್ತು. ದೊಡ್ಡವಳಲ್ಲಿ ಒಂದು ಗುಂಡಿ ಕೇಳಿದರೆ, "ಅಂಗೀಲಿ ಇನ್ನೂ ಐದು ಉಳಿದಿವೆಯಲ್ಲ, ಅವೂ ಬೀಳಲಿ, ಒಟ್ಟಿಗೇ ಬನ್ನಿ" ಎನ್ನುವಳು.

ಕೊನೆಗೆ ಸ್ವಂತ ಗಂಡನೂ ಒಂದು ದಿನ ಚಿಕ್ಕವಳ ಕೈಯಲ್ಲಿ ಗುಂಡಿ ಹಾಕಿಸಿಕೊಂಡು ಬಂದ.

"ನೀನು ಮಲಗಿದ್ದೆ ಕಣೇ, ಯಾಕೆ ಎಬ್ಬಿಸೋದು ಅಂತ," ಎಂದ.

"ಅಂಗಡೀಲಿ ಕೂತಿದ್ದೋಳು ಮಲಗಿದ್ನಾ?"

"ಕೋಪದಲ್ಲಿದ್ದೆ. ಎರಡೂ ಒಂದೇ, ಮಾತಾಡ್ಸೋ ಹಾಗಿರಲ್ಲ."

ಮಾರನೆಯ ದಿನ ಮೆಟ್ಟಿಲ ಮೇಲೆ ಸಾಲಾಗಿ ಕಳ್ಳಿಯ ಕುಂಡಗಳು ಬಂದವು. ಒಳಗೆ ಹೋಗಲು ಒಂದು ಓರೆ ದಾರಿ ಬಿಟ್ಟಿದ್ದಳು; ನಿಲ್ಲಲು ಅಂಗಾಲಿನಷ್ಟು ಜಾಗವಿಲ್ಲ. ಬೀದಿಯಲ್ಲೇ ನಿಂತು ಬಣ್ಣ ನೋಡೋಣವೆಂದರೆ ವಾಹನಗಳು ಬಿಡುವುದಿಲ್ಲ. "ಅಂದಕ್ಕೆ ಇಟ್ಟಿದ್ದು," ಎಂದಳು ನನಗೆ.

ಬಾಗಿಲಿಗೆ ಅಡ್ಡ ಸ್ಕೂಟರ್ ನಿಲ್ಲಿಸುವವರು, ಮಹಡಿಯಿಂದ ಕಸ ಎಸೆಯುವವರು, ಸರದಿಯಲ್ಲಿ ಮೊಣಕೈ ತೂರಿಸುವವರು ನಮ್ಮಲ್ಲಿ ಧಾರಾಳವಾಗಿದ್ದಾರೆ. ಮೆಟ್ಟಿಲ ಮೇಲೆ ಮುಳ್ಳು ಇಡುವವರನ್ನು ನಾನು ಅವರೆಲ್ಲರಿಗಿಂತ ಕೆಳಗಿಡುತ್ತೇನೆ. ಹಾಗಿದ್ದೂ ಅವಳಲ್ಲೇ ಕೊಳ್ಳುತ್ತಿದ್ದೆ. ಅವಳ ದಾರ ಗಟ್ಟಿ, ಮತ್ತು ಅಲ್ಲಿ ನನ್ನ ಸಂಸಾರದ ಸುದ್ದಿ ಯಾರೂ ಕೇಳುತ್ತಿರಲಿಲ್ಲ.

ಬಣ್ಣ ನೋಡಲು ಆ ಮೆಟ್ಟಿಲು ಇಲ್ಲದಂತಾದ ಮೇಲೆ ಚಿಕ್ಕವಳಿಗೆ ನಿಜವಾಗಿಯೂ ಕಷ್ಟವಾಯಿತು. ಒಂದು ಬೆಳಿಗ್ಗೆ ಅವಳು ಬೀದಿ ದಾಟಿ ಬಂದು ಕಳ್ಳಿಗಳ ಆಚೆಯೇ ನಿಂತಳು.

"ಅಕ್ಕಾ, ವಾರ್ಡಿನವರಿಗೆ ಹೇಳಿ ಎರಡು ಕೊಂಬೆ ತೆಗೆಸೋಣ ಅಂತಿದ್ದೀನಿ. ಸಭೇಲಿ ನೀವು ಹೂಂ ಅಂದ್ರೆ ಸಾಕು."

"ನಾನ್ಯಾಕೆ ಹೂಂ ಅನ್ನಲಿ?"

"ಬಣ್ಣ ತಪ್ಪತಾ ಇದೆ ಅಕ್ಕಾ. ಟೈಲರ್ ಆಗ್ಲೇ ಎರಡು ಸಲ ವಾಪಸ್ ತಂದ್ರು. ಅವ್ರೊಬ್ರು ಕೈ ಬಿಟ್ರೆ ನಾನು ಬಾಗಿಲು ಹಾಕ್ಬೇಕಷ್ಟೆ."

"ಕಣ್ಣು ತೋರಿಸ್ಕೋ. ಮರ ಏನು ಮಾಡತ್ತೆ ಪಾಪ."

ವಾರ್ಡಿನ ಸಭೆಗೆ ನಮ್ಮ ಬೀದಿಯವರು ಹೋಗುವುದು ಕಡಿಮೆ. ಹೋದರೆ ಫ್ಯಾನಿನ ಕೆಳಗೆ ಕೂತು, ಚರ್ಚೆ ಕೇಳದೆ, ಪಕ್ಕದವರ ಕೈ ಮೇಲೆದ್ದಾಗ ತಾವೂ ಎತ್ತುತ್ತಾರೆ. ಆ ಸಲ ದೊಡ್ಡವಳು ಎಲ್ಲರಿಗಿಂತ ಮೊದಲು ಹೋಗಿ ಮುಂದಿನ ಸಾಲಿನಲ್ಲಿ ಕೂತಳು. ಕೊಂಬೆಯ ಮಾತು ಬಂದೊಡನೆ ಎದ್ದು ನಿಂತಳು. ಮರಕ್ಕೂ ಜೀವವಿದೆ ಎಂದಳು, ಹಕ್ಕಿಗಳು ಎಲ್ಲಿಗೆ ಹೋಗಬೇಕು ಎಂದಳು, ಒಬ್ಬರ ವ್ಯಾಪಾರಕ್ಕಾಗಿ ಇಡೀ ಬೀದಿಯ ನೆರಳು ಕಳೆಯಬೇಕೇ ಎಂದು ಕೇಳಿದಳು. ಹಕ್ಕಿ ಹಿಕ್ಕೆ ಹಾಕಿತೆಂದು ಪೊರಕೆ ಹಿಡಿದು ಅಟ್ಟಿದವಳು ಇವಳೇ. ವಾರ್ಡಿನ ಸದಸ್ಯರು ಕರಗಿಹೋದರು. ಇಂಥವರು ಬೀದಿಗೊಬ್ಬರು ಬೇಕು ಎಂದರು.

"ಕಳ್ಳಿ ಬಿಟ್ಟು ಬೇರೆ ಗಿಡಾನೂ ಗೊತ್ತಾ ಇವ್ರಿಗೆ?" ಎಂದು ನನ್ನ ಹಿಂದೆ ಕೂತಿದ್ದ ಟೈಲರ್ ಗೊಣಗಿದ.

ಕೈಗಳು ಮೇಲೆದ್ದವು. ನಾನೂ ಎತ್ತಿದೆ, ಮರದ ಪರವಾಗಿ, ಅವಳ ಪರವಾಗಿ ಅಲ್ಲ. ಕೊಂಬೆಗಳು ಉಳಿದವು. ಚಿಕ್ಕವಳು ಎದ್ದು ಸೆರಗು ಸರಿಮಾಡಿಕೊಂಡು ಹೊರಟಳು. ದೊಡ್ಡವಳು ಅವಳ ಬೆನ್ನು ಬಾಗಿಲು ದಾಟುವವರೆಗೂ ನೋಡಿದಳು.

ಶಾಲೆಗಳು ಶುರುವಾಗುವ ಮುಂಚಿನ ವಾರ ನಾನು ಹುಕ್ಕು ಕೊಳ್ಳಲು ದೊಡ್ಡವಳ ಅಂಗಡಿಯೊಳಗಿದ್ದೆ. ಎದುರಿನಲ್ಲಿ ಟೈಲರನ ದನಿ ಏರಿತು. ಸಮವಸ್ತ್ರದ ಕಂದು ಲಂಗಗಳಿಗೆ ಕಡುಗೆಂಪು ದಾರದ ಹೊಲಿಗೆ ಬಿದ್ದಿತ್ತು, ಇಡೀ ಒಂದು ಮೂಟೆಗೆ. ಬೈಯುವಷ್ಟು ಬೈದು, ಒಂದು ಲಂಗ ಕೈಯಲ್ಲಿ ಹಿಡಿದು, ಅವನು ಈಚೆ ಬಂದ.

"ನೋಡಿ ಅಮ್ಮಾ. ಕಂದು ಅಂತ ಕೊಟ್ಟಿದ್ದು ಇದು."

"ಬೆಳಕಿಗೆ ತಂದು ನೋಡ್ಲಿಲ್ವೇನಪ್ಪ ನೀನು?"

"ಎಲ್ಲಿ ನಿಂತು ನೋಡ್ಲಿ? ನಿಮ್ಮ ಕಳ್ಳಿ ಮೇಲಾ?"

ಅವಳು ಹೊಸ್ತಿಲಿಗೆ ಬಂದು ಅವನ ಕೈಯಿಂದ ಲಂಗ ತೆಗೆದುಕೊಂಡಳು.

"ಹೋಗ್ಲಿ ಬಿಡಿ. ಇನ್ಮೇಲೆ ನನ್ನ ವ್ಯಾಪಾರ ಎಲ್ಲಾ ನಿಮ್ಮಲ್ಲೇ. ಇದಕ್ಕೆ ಸರಿಹೋಗೋ ಕಂದು ಎಷ್ಟಿದ್ಯೋ ಅಷ್ಟೂ ಕೊಡಿ, ಬಿಚ್ಚಿ ಹೊಲೀತೀನಿ."

ಭಾಗವಾದ ದಿನದಿಂದ ಅವಳು ಕಾಯುತ್ತಿದ್ದ ಮಾತು ಇದು. ಆಚೆ ಮರದ ನೆರಳಿನಲ್ಲಿ ಚಿಕ್ಕವಳು ಬಾಗಿಲಿಗೆ ಒರಗಿ ನಿಂತು ಒಂದು ಅಳತೆ ಟೇಪನ್ನು ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಸುತ್ತುತ್ತಿದ್ದಳು. ಈ ಕಡೆ ತಲೆ ಎತ್ತಲಿಲ್ಲ.

ದೊಡ್ಡವಳು ಅತ್ತ ಒಮ್ಮೆ ನೋಡಿ, ಲಂಗವನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ನೋಡುವುದೇನೂ ಇರಲಿಲ್ಲ, ಅವಳ ಕಣ್ಣಿಗೆ ಅಷ್ಟು ಹೊತ್ತು ಬೇಕಿಲ್ಲ.

"ಈ ಬಣ್ಣ ನನ್ನಲ್ಲಿಲ್ಲ," ಎಂದಳು.

ಅವಳ ಬೆನ್ನ ಹಿಂದೆ, ಕೈಗೆ ಎಟುಕುವ ಗೂಡಿನಲ್ಲಿ, ಅದೇ ಕಂದಿನ ರೀಲುಗಳು ಸಾಲಾಗಿ ಕೂತಿದ್ದವು. ಹೊರಗಿನ ಬಿಸಿಲಿನಲ್ಲಿ ನಿಂತಿದ್ದ ಟೈಲರನಿಗೆ ಒಳಗಿನದು ಕಾಣುವಂತಿರಲಿಲ್ಲ. ನನಗೆ ಕಾಣುತ್ತಿತ್ತು, ನಾನು ನೋಡಿದ್ದು ಅವಳಿಗೂ ಗೊತ್ತಾಯಿತು.

"ಅವಳ ಹತ್ರಾನೇ ಇರತ್ತೆ. ಬದಲಾಯಿಸಿ ಕೊಡ್ತಾಳೆ, ಹೋಗು. ರೀಲು ಇಲ್ಲಿ ತಂದು ನೋಡ್ಕೊಂಡು ತಗೋ."

ಅವನು ಗೊಣಗುತ್ತಾ ಬೀದಿ ದಾಟಿದ. ಅವಳು ಒಂದು ಕುಂಡವನ್ನು ಕಾಲಿನಿಂದ ಪಕ್ಕಕ್ಕೆ ನೂಕಿದಳು, ಒಬ್ಬರು ನಿಲ್ಲುವಷ್ಟು. ಆಮೇಲೆ ಒಳಗೆ ಬಂದಳು.

"ಏನು ನೋಡ್ತಾ ನಿಂತಿದ್ದೀರಿ? ಹುಕ್ಕು ತಾನೇ? ಒಂದು ಡಜನ್‌ಗಿಂತ ಕಮ್ಮಿ ಕೊಡಲ್ಲ."