ಗೋಡೆಯ ಮೇಲಿನ ಕೈ

ರಾಜೀವಿಗೆ ಹೇಸಿಗೆ ಬಹಳ ಬೇಗ ಆಗುತ್ತದೆ. ಟ್ಯೂಬ್ ರೈಲಿನ ಸೀಟಿನ ಮೇಲೆ ಯಾರೋ ಕಚ್ಚಿ ಬಿಟ್ಟುಹೋದ ಕೋಳಿಯ ಕಾಲು, ಹೈ ಸ್ಟ್ರೀಟಿನ ಕುಂಟು ಪಾರಿವಾಳ, ಎಂಜಲು ಹಚ್ಚಿ ನೋಟು ಎಣಿಸುವ ಗಿರಾಕಿ, ಯಾವುದನ್ನು ಕಂಡರೂ ಅವಳು ಮೂಗು ಸಿಂಡರಿಸುತ್ತಾಳೆ. ಆದರೆ ಇಪ್ಪತ್ತಾರು ವರ್ಷ ಲಂಡನ್ನಿನ ಈಸ್ಟ್ ಹ್ಯಾಮಿನಲ್ಲಿ ಬಾಳಿದ ಮೇಲೆ ಅವಳಿಗೆ ಒಂದು ಮಾತು ಖಾತ್ರಿಯಾಗಿದೆ. ಎಲ್ಲಕ್ಕಿಂತ ಹೆಚ್ಚು ವಾಕರಿಕೆ ತರಿಸುವುದು ಚೆನ್ನಾಗಿ ಓದಿಕೊಂಡವರ ಫೋನಿನೊಳಗಿನ ಫೋಟೋಗಳು.

ಗಂಡ ಗಣಪಯ್ಯ ಹೋಟೆಲಿನ ಅಡುಗೆಗೆಂದು ಬಂದಾಗ ಅವನ ಹಿಂದೆಯೇ ಕುಂದಾಪುರ ಬಿಟ್ಟು ಬಂದವಳು ಅವಳು. ಮೊದಲು ಅದೇ ಹೋಟೆಲಿನಲ್ಲಿ ತೆಂಗಿನಕಾಯಿ ತುರಿದಳು. ಆಮೇಲೆ ಹೈ ಸ್ಟ್ರೀಟ್ ನಾರ್ತಿನ ಸೀರೆ ಅಂಗಡಿಯೊಂದರಲ್ಲಿ ಸೀರೆ ಮಡಚಲು ಸೇರಿಕೊಂಡಳು. ಅಂಗಡಿಯವರು ಇಂಟರ್‌ನೆಟ್ಟಿನಲ್ಲಿ ಸೀರೆ ಮಾರಲು ಹೊರಟಾಗ, ಬೊಂಬೆಗೆ ಉಡಿಸಿದ ಸೀರೆಯ ಫೋಟೋದಿಂದ ಗೋಡೆ, ಸ್ಟೂಲು, ಬೊಂಬೆಯ ಬೋಳು ತಲೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಕತ್ತರಿಸಿ ತೆಗೆದು ಸೀರೆಯೊಂದನ್ನೇ ಉಳಿಸುವವರು ಬೇಕಾದರು. ಹಲಸಿನ ತೊಳೆ ಹರಿಯದಂತೆ ಬಿಡಿಸಿ ಬೆಳೆದವಳಿಗೆ ಇದೇನು ಮಹಾ ಎಂದು ರಾಜೀವಿ ಕೂತಳು, ಕಲಿತೂಬಿಟ್ಟಳು. ಈಗ ಅಂಗಡಿಯ ಮೂಲೆಯಲ್ಲಿ ಅವಳದೇ ಒಂದು ಮೇಜು. ಸೀರೆಯ ಜೊತೆಗೆ ಪಾಸ್‌ಪೋರ್ಟ್ ಫೋಟೋ, ಪಾಸ್‌ಪೋರ್ಟ್ ಫೋಟೋದ ಜೊತೆಗೆ ಸತ್ತವರ ಫೋಟೋ.

ಸತ್ತವರ ಫೋಟೋ ಎಂದರೆ ಇಷ್ಟು: ಮನೆಯಲ್ಲಿ ಹಿರಿಯರು ತೀರಿಕೊಂಡರೆ ವೈಕುಂಠ ಸಮಾರಾಧನೆಯ ಹೊತ್ತಿಗೆ ಹಾರ ಹಾಕಲು ಒಂದು ದೊಡ್ಡ ಪಟ ಬೇಕು. ಆಗ ಮಕ್ಕಳು ಫೋನು ತಡಕುತ್ತಾರೆ. ಹನ್ನೆರಡು ಸಾವಿರ ಫೋಟೋಗಳಲ್ಲಿ ಕಾಫಿ ಲೋಟ ಇರುತ್ತದೆ, ಹೊಸ ಕಾರು ಇರುತ್ತದೆ, ನಾಯಿ ನಲವತ್ತು ಭಂಗಿಯಲ್ಲಿ ಇರುತ್ತದೆ. ಅಮ್ಮ ಮಾತ್ರ ಬರ್ತ್‌ಡೇ ಕೇಕಿನ ಹಿಂದೆ ಅರ್ಧ ಮುಖ, ಬಾಗಿಲ ಸಂದಿಯಲ್ಲಿ ಒಂದು ಭುಜ. ಅದನ್ನೇ ವಾಟ್ಸ್‌ಆ್ಯಪಿನಲ್ಲಿ ಕಳಿಸಿ, ಸ್ವಲ್ಪ ಕಟ್ ಮಾಡಿ ನೀಲಿ ಬ್ಯಾಕ್‌ಗ್ರೌಂಡ್ ಹಾಕಿಕೊಡಿ ಎನ್ನುತ್ತಾರೆ. ಬದುಕಿದ್ದಾಗ ಹೆತ್ತವಳ ಮುಂದೆ ಒಂದು ಗಳಿಗೆ ಫೋನು ಹಿಡಿಯಲಾಗದ ಈ ಜನರನ್ನು ಕಂಡರೆ ರಾಜೀವಿಗೆ ಮೈಯೆಲ್ಲ ಉರಿಯುತ್ತದೆ.

ಈಗಿನ ಸಾಫ್ಟ್‌ವೇರು ಒಂದು ಗುಂಡಿ ಒತ್ತಿದರೆ ತಾನೇ ಕತ್ತರಿಸುತ್ತದೆ, ನಿಜ. ಆದರೆ ಅದಕ್ಕೆ ಬಿಳಿ ಕೂದಲೂ ಬಿಳಿ ಗೋಡೆಯೂ ಒಂದೇ. ಅಜ್ಜಿಯರ ತಲೆ ಬೋಳಾಗುತ್ತದೆ, ಮೂಗುಬೊಟ್ಟು ಕಲೆಯೆಂದು ಅಳಿಸಿಹೋಗುತ್ತದೆ. ಹಾಗಾಗಿ ರಾಜೀವಿ ಒಂದೊಂದು ಕೂದಲನ್ನೂ ಕೈಯಾರೆ ಬಿಡಿಸುತ್ತಾಳೆ. ಬದುಕಿರುವವರು ಯಾರೂ ಹಾರದ ಕೆಳಗೆ ಬರಕೂಡದು, ಅದು ಅಪಶಕುನ. ಹಾಗಾಗಿ ತೊಡೆಯ ಮೇಲಿನ ಮೊಮ್ಮಕ್ಕಳನ್ನೂ ಪಕ್ಕದ ಸೊಸೆಯಂದಿರನ್ನೂ ಕತ್ತರಿಸಿ ತೆಗೆಯುತ್ತಾಳೆ. ಅವರ ಮರೆಯಲ್ಲಿದ್ದ ಕೈ ಆಗ ಇಲ್ಲವಾಗುತ್ತದೆ. ಕೈಯಿಲ್ಲದ ಪಟ ಗೋಡೆಗೆ ಹಾಕುವುದು ಹೇಗೆ? ರಾಜೀವಿ ತನ್ನ ಕೈಯನ್ನೇ ಬಿಳಿ ಬಟ್ಟೆಯ ಮೇಲಿಟ್ಟು ಫೋಟೋ ತೆಗೆದು ಅಲ್ಲಿ ಜೋಡಿಸುತ್ತಾಳೆ, ಬಣ್ಣ ಹೊಂದಿಸಿ, ಬಳೆ ಬದಲಿಸಿ. ಈವರೆಗೆ ಒಬ್ಬ ಮಗನಿಗಾಗಲಿ ಮಗಳಿಗಾಗಲಿ ಗೊತ್ತಾಗಿಲ್ಲ. ಲಂಡನ್ನಿನ ಏಳೆಂಟು ಮನೆಗಳಲ್ಲಿ ಗಂಧದ ಹಾರದ ಕೆಳಗೆ ತನ್ನ ಕೈ ತೂಗುತ್ತಿದೆ ಎಂದು ನೆನೆದಾಗ ಅವಳಿಗೆ ಊಟ ಸೇರುವುದಿಲ್ಲ.

ಹೋದ ಮಾರ್ಚಿನಲ್ಲಿ ಲಂಡನ್ನಿನ ಆಚೆ ತುದಿಯ ಸ್ಟ್ಯಾನ್ಮೋರಿನ ಅನಿರುದ್ಧ ಎಂಬವನು ಫೋನು ಮಾಡಿದ. ಮೈಸೂರಿನವನು, ದೊಡ್ಡ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರು. ಅಮ್ಮ ಅಂಬುಜಾ ಅವರ ಫೋಟೋ ಬೇಕಿತ್ತು. ಅವನು ಕಳಿಸಿದ್ದರಲ್ಲಿ ಅಂಬುಜಮ್ಮ ಸೋಫಾದ ಮೇಲೆ ಕೂತು ಮೊಮ್ಮಗುವನ್ನು ಅವುಚಿಕೊಂಡಿದ್ದರು. ಮಗುವನ್ನು ತೆಗೆದುಬಿಡಿ, ಕೂತ ಹಾಗೇ ಇರಲಿ, ದೊಡ್ಡ ಗೋಡೆಗೆ ಹಾಕುವುದು ಎಂದ. ರಾಜೀವಿ ಎರಡು ದಿನ ಆ ಮುಖವನ್ನು ದೊಡ್ಡದು ಮಾಡಿಕೊಂಡು ಕೂದಲು ಬಿಡಿಸಿದಳು, ಮಗುವನ್ನು ತೆಗೆದಳು, ಬಲಗೈ ಇದ್ದ ಕಡೆ ತನ್ನ ಕೈ ಇಟ್ಟಳು. ಕೊನೆಗೆ ಕೆಳಗೆ ಬರೆಯಲು ಜನನ ಮರಣದ ತಾರೀಖು ಕೇಳಿದಳು.

“ಎರಡನೇ ಡೇಟ್ ಸದ್ಯಕ್ಕೆ ಬ್ಲ್ಯಾಂಕ್ ಇರ್ಲಿ ಆಂಟಿ,” ಎಂದ ಅನಿರುದ್ಧ. “ಡಾಕ್ಟ್ರು ಎರಡು ಮೂರು ದಿನ ಅಂದಿದಾರೆ. ಆಮೇಲೆ ರಶ್ ಆಗೋದು ಬೇಡ ಅಂತ.”

ರಾಜೀವಿ ಆಗಲೇ ಫೋನು ಇಡಬೇಕಿತ್ತು, ಇಡಲಿಲ್ಲ. ಅಂಗಡಿಯ ಯಜಮಾನ ಎದುರಿಗೇ ನಿಂತಿದ್ದ, ಫ್ರೇಮು ಆಗಲೇ ಬಂದಿತ್ತು. ಮರಣ ಎಂದು ಬರೆದು ಮುಂದೆ ಜಾಗ ಬಿಟ್ಟು ಪ್ರಿಂಟು ತೆಗೆದಳು. ಮನೆಗೆ ಹೋಗಿ ಸೋಪು ಹಾಕಿ ಮೂರು ಸಲ ಕೈ ತೊಳೆದಳು.

“ಹ್ವಾಯ್, ಜೀವ ಇದ್ದವ್ರ ಫೋಟಕ್ಕೆ ಹಾರ ತಯಾರ್ ಮಾಡಿ ಇಟ್ಕಂತ್ರಲೆ, ಎಂಥಾ ಜನ ಮಾರಾಯ್ರೆ ಇವ್ರ್?” ಎಂದು ಗಣಪಯ್ಯನನ್ನು ಕೇಳಿದಳು. ಮಾಡಿಸಿದವನಿಗಿಂತ ಮಾಡಿಕೊಟ್ಟವಳು ಏನು ಕಡಿಮೆ ಎಂದು ಅವನು ಕೇಳಿದ. ಆ ಮಾತಿಗೆ ಅವಳು ಎರಡು ದಿನ ಅವನೊಡನೆ ಸರಿಯಾಗಿ ಮಾತಾಡಲಿಲ್ಲ, ಯಾಕೆಂದರೆ ಅದು ನಿಜವಾಗಿತ್ತು.

ಅಂಬುಜಮ್ಮ ಸಾಯಲಿಲ್ಲ. ವಾರದೊಳಗೆ ಗಂಜಿ ಕುಡಿದರಂತೆ, ಹದಿನೈದು ದಿನಕ್ಕೆ ಮನೆಗೂ ಬಂದರಂತೆ. ಪಟವನ್ನೇನು ಮಾಡಲಿ ಎಂದು ರಾಜೀವಿ ಕೇಳಿದ್ದಕ್ಕೆ ಅನಿರುದ್ಧ ನಕ್ಕು, “ಇಟ್ಕೊಂಡಿರಿ ಆಂಟಿ, ಹೇಗಿದ್ರೂ ಬೇಕಾಗುತ್ತಲ್ಲ,” ಎಂದ. ಥೂ, ನಿನ್ನ ಓದಿಗಿಷ್ಟು ಬೆಂಕಿ ಹಾಕ, ಎಂದು ಅವಳು ಮನಸ್ಸಿನಲ್ಲೇ ಬೈದುಕೊಂಡಳು.

ಅಲ್ಲಿಂದ ಅವಳಿಗೆ ನೆಮ್ಮದಿಯಿಲ್ಲ. ಬದುಕಿರುವವರ ಪಟ ಹರಿಯುವುದು ಕೇಡು, ಇಟ್ಟುಕೊಂಡರೆ ಅವರ ಸಾವಿಗೆ ಕಾದು ಕೂತ ಹಾಗೆ. ಕಾಟನ್ ಸೀರೆಗಳ ಕಪಾಟಿನ ಹಿಂದೆ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದಳು. ಆ ಕಡೆಯಿಂದ ಸೀರೆ ತೆಗೆಯಬೇಕಾದರೆ ಬೇರೆಯವರನ್ನು ಕಳಿಸುತ್ತಿದ್ದಳು. ಆ ಹೆಂಗಸು ಇದನ್ನು ಎಂದೂ ನೋಡದಿರಲಿ, ಅಷ್ಟೇ ಸಾಕು ಎಂದು ದಿನಾ ಬೆಳಿಗ್ಗೆ ಶಟರು ಎತ್ತುವಾಗ ದೇವರಿಗೆ ಕೈ ಮುಗಿಯುತ್ತಿದ್ದಳು.

ಜುಲೈನಲ್ಲಿ ಒಂದು ಮಂಗಳವಾರ ಮಧ್ಯಾಹ್ನ ಅಂಬುಜಮ್ಮ ಕೋಲು ಊರಿಕೊಂಡು ಅಂಗಡಿಯೊಳಗೆ ಬಂದರು. ಆ ಮುಖದ ಒಂದೊಂದು ಗೆರೆಯೂ ರಾಜೀವಿಗೆ ಬಾಯಿಪಾಠವಾಗಿತ್ತು, ಕಂಡೊಡನೆ ಗುರುತು ಹತ್ತಿತು. ಜೊತೆಗೆ ಬಂದ ಸೊಸೆ ಸಿರಿಶಾ, ಅತ್ತೆಗೆ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯಿರಿ ಎಂದು ಹೇಳಿ ಬ್ಲೌಸ್ ಪೀಸ್ ನೋಡಲು ಆಚೆ ತುದಿಗೆ ಹೋದಳು. ಅಂಬುಜಮ್ಮ ಮೇಜಿನ ಎದುರು ಕೂತರು.

“ಪಾಸ್‌ಪೋರ್ಟ್ ಫೋಟೋ ಸೊಸೆಗೆ ಹೇಳಿದ ನೆಪ ಕಣಮ್ಮ. ನಂದೊಂದು ದೊಡ್ಡ ಫೋಟೋ ನಿನ್ನ ಹತ್ರ ಇದೆಯಲ್ಲ, ತೋರಿಸು.”

ಅಂಥದ್ದೇನೂ ಇಲ್ಲ ಎಂದಳು ರಾಜೀವಿ.

“ಆಸ್ಪತ್ರೇಲಿ ನನ್ನ ಮಂಚದ ಪಕ್ಕದಲ್ಲೇ ನಿಂತ್ಕೊಂಡು ಅವನು ಈ ಅಂಗಡಿ ಹೆಸರು ಹೇಳಿ ನಿಂಗೆ ಫೋನ್ ಮಾಡಿದ್ದು. ಕಣ್ಣು ಮುಚ್ಚಿದ್ರೆ ಕಿವೀನೂ ಮುಚ್ಚುತ್ತಾ?”

ಬೇರೆ ದಾರಿಯಿರಲಿಲ್ಲ. ರಾಜೀವಿ ಕಪಾಟಿನ ಹಿಂದಿನಿಂದ ಪಟ ತಂದು, ಸೆರಗಿನಿಂದ ಧೂಳು ಒರೆಸಿ, ಮೇಜಿನ ಮೇಲಿಟ್ಟಳು. ಕೆಳಗಿನ ಖಾಲಿ ಜಾಗವನ್ನು ಅಂಗೈಯಿಂದ ಮುಚ್ಚಿ ಹಿಡಿದಳು. ಅಂಬುಜಮ್ಮ ಆ ಅಂಗೈಯನ್ನು ಮೆಲ್ಲಗೆ ಸರಿಸಿ ಓದಿಕೊಂಡರು. ಮಗು ಎಲ್ಲಿ ಎಂದು ಕೇಳಿ, ಮರುಕ್ಷಣವೇ ತಾವೇ ತಲೆಯಾಡಿಸಿ, ಸರಿ, ಮಗು ಇರಕೂಡದು ಎಂದರು. ಆಮೇಲೆ ಬಹಳ ಹೊತ್ತು ನೋಡಿದರು.

“ಈ ಕೈ ನಂದಲ್ಲ.”

ರಾಜೀವಿ ತಲೆ ತಗ್ಗಿಸಿದಳು. ಅಂಬುಜಮ್ಮನ ಕಣ್ಣು ಪಟದಿಂದ ಮೇಜಿನ ಮೇಲಿದ್ದ ರಾಜೀವಿಯ ಕೈಗೆ ಬಂತು, ಮತ್ತೆ ಪಟಕ್ಕೆ ಹೋಯಿತು. ಹೋಟೆಲಿನಲ್ಲಿ ಕಾಯಿ ತುರಿಯುವಾಗ ಸೀಳಿದ ಹೆಬ್ಬೆರಳಿನ ಉಗುರು ಎರಡು ಕಡೆಯೂ ಒಂದೇ ರೀತಿ ಸೀಳಿತ್ತು. ಅದನ್ನು ಅಳಿಸಲು ಅವಳು ಮರೆತಿದ್ದಳು.

“ತಪ್ಪಾಯ್ತು ಅಮ್ಮ,” ಎಂದಳು ರಾಜೀವಿ. “ಮಾಡಬಾರ್ದಿತ್ತು. ನನ್ಗೇ ನನ್ನ ಕಂಡ್ರೆ ಹೇಸಿಗೆ ಆಗ್ತದೆ. ಇದನ್ನ ಈಗ್ಲೇ ತೆಗ್ದು ಬಿಸಾಡ್ತೇನೆ.”

ಅಂಬುಜಮ್ಮ ಬೇಡವೆಂದರು. ತಾವು ಪಟ ನೋಡಿದ್ದನ್ನು ಮಗನಿಗೆ ಮಾತ್ರ ಹೇಳಬಾರದು, ನೊಂದುಕೊಳ್ಳುತ್ತಾನೆ. ಅವನು ಚಿಕ್ಕಂದಿನಿಂದಲೂ ಹಾಗೆಯೇ, ಪರೀಕ್ಷೆಗೆ ವಾರ ಇರುವಾಗಲೇ ಪೆನ್ಸಿಲುಗಳನ್ನೆಲ್ಲ ಹೆರೆದು ಜೋಡಿಸಿಟ್ಟುಕೊಳ್ಳುತ್ತಿದ್ದ ಎಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಸಣ್ಣ ಹೆಮ್ಮೆಯೂ ಇತ್ತು. ಅದನ್ನು ಕಂಡು ರಾಜೀವಿಗೆ ಅನಿರುದ್ಧನ ಮೇಲಿನ ಸಿಟ್ಟು ಇನ್ನಷ್ಟು ಏರಿತು. ಕೊನೆಯ ಪಕ್ಷ ಆ ಮರಣ ಎನ್ನುವ ಸಾಲನ್ನಾದರೂ ಅಳಿಸುತ್ತೇನೆ ಎಂದಳು.

“ಅದು ಇರ್ಲಿ ಬಿಡು, ಯಾವತ್ತಾದ್ರೂ ತುಂಬೋದೇ. ಕೈ ಬದಲಾಯ್ಸು.” ಅಂಬುಜಮ್ಮ ಬಳೆ ಹಿಂದಕ್ಕೆ ಸರಿಸಿ ಬಲಗೈಯನ್ನು ಮೇಜಿನ ಮೇಲಿಟ್ಟರು. ಬೆರಳ ಗೆಣ್ಣುಗಳು ಊದಿದ್ದವು, ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. “ಮೈಸೂರಲ್ಲಿ ಮೂವತ್ತೊಂದು ವರ್ಷ ಈ ಕೈಲಿ ಟೈಪ್ ಮಾಡಿ ಅವನನ್ನ ಓದಿಸಿದೀನಿ. ಇಲ್ಲೇ ಇದೆ, ಈಗ್ಲೇ ತಗೋ.”

ರಾಜೀವಿ ಬಿಳಿ ಬಟ್ಟೆ ತಂದು ಆ ಕೈಯ ಕೆಳಗೆ ಹಾಸಿದಳು. ಕ್ಯಾಮೆರಾ ಹಿಡಿದ ಅವಳ ನೆರಳು ಬಿದ್ದು ಮೊದಲನೆಯ ಫೋಟೋ ಕೆಟ್ಟಿತು. ಅಂಬುಜಮ್ಮ ಕೈ ತೆಗೆಯಲಿಲ್ಲ. ಎರಡನೆಯದು ಸರಿಯಾಗಿ ಬರುವ ತನಕ ಹಾಗೇ ಇಟ್ಟುಕೊಂಡು ಕೂತಿದ್ದರು.